‘ಸ್ಥಳದಲ್ಲೇ ಸಾವು’ ಎಂದರೆ ಎಷ್ಟು ನಿಮಿಷ?

ಶಿವಮೊಗ್ಗದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಘಟನೆ ನಡೆದ ಜಾಗದ ಹೆಸರನ್ನು ನಾನೇ ತೆಗೆದಿದ್ದೇನೆ. ಆ ಮನೆಯವರೂ ನಮ್ಮ ಪತ್ರಿಕೆ ಓದುತ್ತಿರಬಹುದು.

“ಜನವರಿಯಲ್ಲಿ ಬೈಕ್ ಹತ್ತಿ ಒಬ್ಬನೇ ಹೊರಟೆ. ತೀರ್ಥಹಳ್ಳಿ, ಕವಲೇದುರ್ಗ, ಬಿದನೂರು ನಗರ ಅಂತ ಸುತ್ತಿದೆ. ರಾತ್ರಿ ಎಲ್ಲಾ ಟೆಂಟು. ಮೂರನೇ ದಿನ ಬೆಳಿಗ್ಗೆ ಆರೂವರೆ, ದಟ್ಟ ಮಂಜು. ತಿರುವಿನಲ್ಲಿ ಒಂದು ಪಿಕಪ್ ಅಡ್ಡ ನಿಂತಿತ್ತು. ಪಕ್ಕದಲ್ಲಿ ಟಿವಿಎಸ್ ಮೊಪೆಡ್, ಹಾಲಿನ ಕ್ಯಾನು, ಅರವತ್ತರ ಹತ್ತಿರದ ಒಬ್ಬರು ಬಿದ್ದಿದ್ದರು. ಪಿಕಪ್ ಡ್ರೈವರ್ ಫೋನ್ ಹಿಡಿದು ಸಿಗ್ನಲ್ ಸಿಗುತ್ತಾ ಅಂತ ಗುಡ್ಡ ಹತ್ತಿ ಓಡಿದ. ನಾನು ಸ್ಲೀಪಿಂಗ್ ಬ್ಯಾಗ್ ಬಿಚ್ಚಿ ಹೊದಿಸಿ ಪಕ್ಕದಲ್ಲಿ ಕೂತೆ. ಹನ್ನೊಂದು ಬೈಕಿನ ಒಂದು ಗುಂಪು ಬಂತು. ನಿಧಾನ ಮಾಡಿ ನೋಡಿ ಹೋಯಿತು. ಬಿದ್ದಿದ್ದವರು ನೀರು ಕೇಳಿದರು, ಎರಡು ಗುಟುಕು ಕೊಟ್ಟೆ. ‘ಹಾಲು ಪೂರಾ ಹೋಯ್ತಾ?’ ಅಂದರು. ಇಲ್ಲ, ಅರ್ಧ ಉಳಿದಿದೆ ಅಂದೆ. ಸುಳ್ಳು. ಹಾಲೆಲ್ಲ ಚರಂಡಿಗೆ ಹರಿದಿತ್ತು. ನಲವತ್ತು ನಿಮಿಷ ಬದುಕಿದ್ದರು. ಆಂಬುಲೆನ್ಸ್ ಬರುವಷ್ಟರಲ್ಲಿ ಹೋಗಿಬಿಟ್ಟರು. ಜನ ಸೇರಿದರು. ಪೊಲೀಸ್, ಕೋರ್ಟು ಅಂತ ಹೆದರಿ ನಾನು ಹೆಸರೂ ಹೇಳದೆ ಬಂದುಬಿಟ್ಟೆ. ಮಾರನೇ ದಿನ ಪೇಪರಿನಲ್ಲಿ ‘ಬೈಕ್ ಸವಾರ ಸ್ಥಳದಲ್ಲೇ ಸಾವು’ ಎಂದು ಎರಡು ಸಾಲು ಬಂತು. ಅಮ್ಮ ಬೈಕ್ ಮಾರು ಅನ್ನುತ್ತಾರೆ. ಸ್ನೇಹಿತರು ನಿಲ್ಲಿಸಲೇಬಾರದಿತ್ತು ಅನ್ನುತ್ತಾರೆ. ನೀರು ಕೊಟ್ಟಿದ್ದು ತಪ್ಪಾ? ಬೈಕಿನಲ್ಲೇ ಕೂರಿಸಿಕೊಂಡು ಹೋಗಬೇಕಿತ್ತಾ? ಇನ್ನು ಮುಂದೆ ಒಬ್ಬನೇ ಹೋಗಬಹುದಾ?”

ಸಂಪಾದಕರ ಉತ್ತರ

ಮೊದಲು ನಿಮ್ಮ ಅಮ್ಮನ ಮಾತು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 74,897 ಜನ ಎರಡು ಚಕ್ರದ ಮೇಲಿದ್ದವರು. ಹಾಗಾಗಿ ಹೆಲ್ಮೆಟ್ ಪಟ್ಟಿ ಬಿಗಿಯಾಗಿ ಹಾಕಿಕೊಳ್ಳಿ, ಮಂಜಿನಲ್ಲಿ ಗಾಡಿ ಓಡಿಸಬೇಡಿ, ತಲುಪಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿ. ಬೈಕ್ ಮಾತ್ರ ಮಾರಬೇಡಿ.

ಇನ್ನೊಂದು ಬೈಗುಳ ಬಾಕಿ ಇದೆ, ಅದನ್ನೂ ಮುಗಿಸಿಬಿಡುತ್ತೇನೆ. ಹಿನ್ನೀರಿನ ಪಕ್ಕದ ದರಗಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಮಲಗಿದ ಸುಖವನ್ನು ಒಂದು ಪುಟ ಬರೆದಿದ್ದೀರಿ. ಜಾಗ ಉಳಿಸಲು ಇಲ್ಲಿ ಬಿಟ್ಟಿದ್ದೇನೆ. ಮಾರಾಯ್ರೆ, ಜನವರಿಯಲ್ಲಿ ಮಲೆನಾಡಿನ ದರಗಿನ ಮೇಲೆ ಯಾರಾದರೂ ಮಲಗುತ್ತಾರಾ? ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ಜ್ವರ ಅದು. ಬೇಸಿಗೆ ಮುಗಿಯುವವರೆಗೂ ಅದರ ಕಾಲ. ಮುಂದಿನ ಸಲ ಯಾರದಾದರೂ ಮನೆಯ ಅಂಗಳ ಕೇಳಿ. ಅಡಿಕೆ ಹರವಿದ್ದರೂ ಒಂದು ಮೂಲೆ ಸಿಗುತ್ತದೆ. ಊಟವೂ ಸಿಗುತ್ತದೆ. ಯಾವ ಊರು, ಯಾರ ಪೈಕಿ, ಮದುವೆ ಯಾಕೆ ಆಗಿಲ್ಲ ಅಂತ ಕೇಳುತ್ತಾರೆ. ಅದೇ ಅಲ್ಲಿನ ಬಾಡಿಗೆ.

ಸ್ನೇಹಿತರ ಮಾತಿಗೆ ನನ್ನ ಹತ್ತಿರ ಇಷ್ಟೂ ತಾಳ್ಮೆ ಇಲ್ಲ. ಆ ಹನ್ನೊಂದು ಬೈಕಿನವರು ಕೆಟ್ಟವರೇನೂ ಆಗಿರಲಿಕ್ಕಿಲ್ಲ. ಅವರಲ್ಲಿ ಇಬ್ಬರಿಗಾದರೂ ನಿಲ್ಲಬೇಕು ಅನ್ನಿಸಿರುತ್ತದೆ. ಆದರೆ ಮುಂದಿನವನು ಹೋದ, ಹಿಂದಿನವನು ಹಾರ್ನ್ ಹೊಡೆದ, ಒಂಬತ್ತಕ್ಕೆ ಎಲ್ಲೋ ತಿಂಡಿಗೆ ಹೇಳಿಟ್ಟಾಗಿದೆ. ಗುಂಪಿನಲ್ಲಿ ನಿಲ್ಲಬೇಕಾದರೆ ಹನ್ನೊಂದು ಜನರ ಒಪ್ಪಿಗೆ ಬೇಕು. ಒಬ್ಬನೇ ಇದ್ದರೆ ಬ್ರೇಕ್ ಒತ್ತಿದರೆ ಸಾಕು. ನೀವು ಒಬ್ಬರೇ ಇದ್ದಿದ್ದಕ್ಕೇ ನಿಂತಿರಿ ಎಂದು ನನ್ನ ನಂಬಿಕೆ. ಗುಂಪಿನಲ್ಲಿ ಹೋಗುವವರು ಈಗ ನನಗೆ ಕೋಪದ ಪತ್ರ ಬರೆಯುತ್ತಾರೆ. ಬರೆಯಲಿ, ಹಾಕುತ್ತೇನೆ.

ಬೈಕಿನಲ್ಲಿ ಕೂರಿಸಿಕೊಂಡು ಹೋಗದೆ ಇದ್ದದ್ದು ಸರಿ. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟು ಬಿದ್ದವರನ್ನು ಎತ್ತಿ ಕೂರಿಸಿದರೆ ಇರುವ ಜೀವವೂ ಹೋಗಬಹುದು. ನೀರಿನ ವಿಷಯಕ್ಕೆ ವೈದ್ಯರು ಬೇರೆ ಮಾತು ಹೇಳುತ್ತಾರೆ. ಜೋರಾಗಿ ಪೆಟ್ಟಾದವರಿಗೆ ಬಾಯಿಗೆ ಏನೂ ಕೊಡಬಾರದು, ಶ್ವಾಸನಾಳಕ್ಕೆ ಹೋಗಬಹುದು, ಮುಂದೆ ಆಪರೇಷನ್‌ಗೂ ತೊಂದರೆ. ಮುಂದಿನ ಸಲಕ್ಕೆ ಅದು ನೆನಪಿರಲಿ. ಆದರೆ ಆ ಮನೆಯವರನ್ನು ಕೇಳಿ ನೋಡಿ. ನಮ್ಮ ಕಡೆ ಸಾವಿನ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ‘ಬಾಯಿಗೆ ಎರಡು ಹನಿ ನೀರಾದರೂ ಬಿಟ್ರಾ?’ ಅನ್ನುವುದು. ಆ ಪ್ರಶ್ನೆಗೆ ಉತ್ತರ ಗೊತ್ತಿರುವವರು ನೀವೊಬ್ಬರೇ. ಪೇಪರಿಗೆ ಗೊತ್ತಿಲ್ಲ.

ಈಗ ಪೇಪರಿನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ನಿಮ್ಮ ಪತ್ರವನ್ನು ಆರಿಸಿಕೊಂಡಿದ್ದೇ ಅದಕ್ಕೆ.

ಮೂವತ್ತು ವರ್ಷದ ಹಿಂದೆ ನಾನು ಜಿಲ್ಲೆಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ತಾಲ್ಲೂಕಿನ ವರದಿಗಾರರು ಸಂಜೆ ಫೋನ್ ಮಾಡಿ ಅಪಘಾತದ ಸುದ್ದಿ ಹೇಳುತ್ತಿದ್ದರು. ಎಷ್ಟು ಹೊತ್ತಿಗೆ ಜೀವ ಹೋಯಿತು ಎಂದು ಅವರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಆಸ್ಪತ್ರೆಗೆ ಹೋಗಿ ಸತ್ತರೆ ‘ಚಿಕಿತ್ಸೆ ಫಲಿಸದೆ’, ಅದಕ್ಕೂ ಮೊದಲು ಸತ್ತರೆ ‘ಸ್ಥಳದಲ್ಲೇ’. ಎರಡೇ ಅಚ್ಚು. ಯಾವುದಾದರೂ ಒಂದಕ್ಕೆ ಹಾಕಿ ಒತ್ತಿದರೆ ಸುದ್ದಿ ಸಿದ್ಧ.

ಒಂದು ದಿನ ಒಬ್ಬರು ತಾಯಿ ಪೇಪರಿನ ತುಂಡು ಹಿಡಿದು ಆಫೀಸಿಗೆ ಬಂದರು. “ಸ್ಥಳದಲ್ಲೇ ಅಂದ್ರೆ ತಕ್ಷಣ ಅಲ್ವಾ ಸಾರ್? ಅವನಿಗೆ ನೋವು ಗೊತ್ತಾಗಿರಲ್ಲ ಅಲ್ವಾ?” ಎಂದು ಕೇಳಿದರು. ನಾನು ಹೌದಮ್ಮ ಅಂದೆ. ನನಗೇನು ಗೊತ್ತಿತ್ತು? ಅವರಿಗೆ ಸಮಾಧಾನ ಆಯಿತು. ನನಗೂ ಆಯಿತು. ಆ ಪದಕ್ಕೆ ಅಷ್ಟು ಕರುಣೆ ಇದೆ ಎಂದು ನಾನೂ ಒಪ್ಪುತ್ತೇನೆ.

ತಿಂಗಳು ಕಳೆದ ಮೇಲೆ ಅವರು ಮತ್ತೆ ಬಂದರು. ಅಪಘಾತ ಆದ ಜಾಗದ ಟೀ ಅಂಗಡಿಯವನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ್ದರು. ಮಗ ಇಪ್ಪತ್ತು ನಿಮಿಷ ಬದುಕಿದ್ದನಂತೆ. “ಅವನು ನನ್ನ ಕರೆದಿದ್ದನಂತೆ ಸಾರ್. ನೀವು ಅದನ್ನ ಯಾಕೆ ಇಲ್ಲ ಅಂದ್ರಿ?” ಅಂದರು. ಅವರು ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ನಾನು ಚಹಾ ತರಿಸಿದೆ. ಅವರು ಕುಡಿಯಲಿಲ್ಲ.

ಅವತ್ತಿನಿಂದ ನನ್ನ ಕೈ ಕೆಳಗೆ ಬಂದ ಹುಡುಗರಿಗೆಲ್ಲ ‘ಸ್ಥಳದಲ್ಲೇ’ ಬರೆಯಬೇಡಿ ಎಂದು ಹೇಳುತ್ತಾ ಬಂದಿದ್ದೇನೆ. ಗೊತ್ತಿದ್ದರೆ ಹೊತ್ತು ಬರೆಯಿರಿ, ಗೊತ್ತಿಲ್ಲದಿದ್ದರೆ ‘ಮೃತಪಟ್ಟರು’ ಸಾಕು. ಮುದುಕನ ಹಟ ಅಂತ ನಗುತ್ತಾರೆ. ನಗಲಿ. ಆದರೆ ನಿಮ್ಮ ನಲವತ್ತು ನಿಮಿಷವನ್ನೇ ನೋಡಿ. ‘ಸ್ಥಳದಲ್ಲೇ’ ಎಂದು ಬರೆದ ಕೂಡಲೇ ಅದು ಮಾಯ. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಡ್ರೈವರ್ ಮಾಯ. ಆಂಬುಲೆನ್ಸ್ ಎಷ್ಟು ದೂರದಿಂದ ಹೊರಟಿತು ಎಂಬ ಲೆಕ್ಕವೂ ಮಾಯ. ತಕ್ಷಣ ಸತ್ತವನಿಗೆ ಯಾರೂ ಏನೂ ಮಾಡಲು ಆಗುತ್ತಿರಲಿಲ್ಲವಲ್ಲ! ಮೋಟಾರು ವಾಹನ ಕಾಯ್ದೆಯಲ್ಲಿ ‘ಗೋಲ್ಡನ್ ಅವರ್’ ಎಂದರೆ ಪೆಟ್ಟಾದ ಮೇಲಿನ ಒಂದು ಗಂಟೆ. ನಮ್ಮ ಕಡೆ ಅದರ ಅರ್ಧ ಸಿಗ್ನಲ್ ಹುಡುಕುವುದರಲ್ಲೇ ಕಳೆಯುತ್ತದೆ. 108 ನಮ್ಮ ರಾಜ್ಯಕ್ಕೆ ಬಂದಿದ್ದು 2008ರಲ್ಲಿ. ಒಳ್ಳೆಯ ಕೆಲಸ, ಎಷ್ಟೋ ಜೀವ ಉಳಿಸಿದೆ. ಆದರೆ ಕರೆ ಹೋದರೆ ತಾನೇ ಗಾಡಿ ಬರುವುದು? ಶರಾವತಿಯಲ್ಲಿ ಕರೆಂಟು ಹುಟ್ಟಿಸಿ ನಾಡಿಗೆಲ್ಲ ಕೊಟ್ಟೆವು. ಹಿನ್ನೀರಿನ ಪಕ್ಕದ ಊರವರು ಇವತ್ತಿಗೂ ಒಂದು ಫೋನಿಗೆ ಗುಡ್ಡದ ನೆತ್ತಿ ಹತ್ತಬೇಕು. ನೆಟ್‌ವರ್ಕ್ ಕೊಡದಿದ್ದರೆ ಓಟಿಲ್ಲ ಎಂದು ಬೋರ್ಡ್ ಹಾಕಿದ ಊರುಗಳೂ ಇವೆ. ಒಂದು ವಿಷಯ ತಿಳಿದಿರಲಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುತ್ತದೆ. ಇಬ್ಬರೂ ಅದನ್ನು ಒತ್ತಿ ನೋಡಿದಿರೋ ಇಲ್ಲವೋ, ನೀವು ಬರೆದಿಲ್ಲ.

ಎಲ್ಲೋ ಹೋದೆ, ವಾಪಸ್ ಬರುತ್ತೇನೆ. ನೀವು ಹೆದರಿ ಓಡಿದ್ದು ನನಗೆ ಅರ್ಥವಾಗುತ್ತದೆ. 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಹದಿನೆಂಟರ ಹುಡುಗ ರಕ್ತದಲ್ಲಿ ಬಿದ್ದು ಸಹಾಯ ಕೇಳುತ್ತಿದ್ದಾಗ ಜನ ವಿಡಿಯೊ ಮಾಡುತ್ತಾ ನಿಂತಿದ್ದರು. ಅವರಲ್ಲೂ ಹಲವರಿಗೆ ಇದೇ ಪೊಲೀಸ್, ಕೋರ್ಟಿನ ಭಯ ಇದ್ದಿರಬಹುದು. ಆದರೆ ಅಷ್ಟು ಹೊತ್ತಿಗೆ ಕಾನೂನು ಬದಲಾಗಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. ಅದೇ ವರ್ಷ ನಮ್ಮ ರಾಜ್ಯ ತನ್ನದೇ ಮಸೂದೆ ಪಾಸು ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ ಇದೇ ರಕ್ಷಣೆಯ 134ಎ ಕಲಂ ಸೇರಿತು. ಹೆಸರು, ವಿಳಾಸ ಹೇಳಲೇಬೇಕು ಎಂದು ನಿಮ್ಮನ್ನು ಯಾರೂ ಒತ್ತಾಯ ಮಾಡುವ ಹಾಗಿಲ್ಲ. ನೀವಾಗಿ ಸಾಕ್ಷಿ ಹೇಳುತ್ತೇನೆ ಎಂದರೆ, ನಿಮಗೆ ಅನುಕೂಲವಾದ ಹೊತ್ತು, ಜಾಗ ನೋಡಿ ಪೊಲೀಸರೇ ಬರಬೇಕು. ಮನೆಗೆ ಬಂದರೆ ಯೂನಿಫಾರ್ಮ್ ಇಲ್ಲದೆ ಬರಬೇಕು.

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ ಬೈಕ್ ಸವಾರನೊಬ್ಬ ಸಾಯುವ ಮೊದಲು ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ದಾನವಾದವು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಯೋಜನೆಗೆ ಸರ್ಕಾರ ಅವನ ಹೆಸರನ್ನೇ ಇಟ್ಟಿತು. ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ. ಅವನ ಮಾತು ನಮ್ಮವರೆಗೆ ಬಂದಿದ್ದು ಹೇಗೆ? ಆ ರಸ್ತೆಯಲ್ಲಿ ಯಾರೋ ಬಗ್ಗಿ ಕೇಳಿಸಿಕೊಂಡರು. ಕೇಳಿದ್ದನ್ನು ಹೇಳಬೇಕಾದವರಿಗೆ ಹೇಳಿದರು. ನೀವು ಮೊದಲ ಅರ್ಧ ಮಾಡಿದ್ದೀರಿ.

ಹಾಗಾಗಿ ಮತ್ತೆ ಒಬ್ಬನೇ ಹೋಗಬಹುದಾ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೋಗಿ, ಮೊದಲು ಅದೇ ರಸ್ತೆಗೇ ಹೋಗಿ. ಮನೆ ಹುಡುಕುವುದು ಕಷ್ಟವಿಲ್ಲ, ಹಾಲಿನ ಡೈರಿಯಲ್ಲಿ ಕೇಳಿದರೆ ಸಾಕು. ಬೆಳಿಗ್ಗೆ ಹಾಲು ಕರೆದು, ಕೊಟ್ಟಿಗೆ ಕೆಲಸ ಮುಗಿಯುವ ಹೊತ್ತು ಬಿಟ್ಟು, ಹತ್ತರ ಮೇಲೆ ಹೋಗಿ. ಅಷ್ಟರಲ್ಲಿ ಮಂಜೂ ಕರಗಿರುತ್ತದೆ. ಹಣ್ಣು, ಹಾರ ಒಯ್ಯಬೇಡಿ. ಸ್ಲೀಪಿಂಗ್ ಬ್ಯಾಗ್ ವಾಪಸ್ ಕೊಡಲು ಬಂದರೆ ತಗೊಳ್ಳಿ. ತೊಳೆದು ಮಡಚಿ ಇಟ್ಟಿರುತ್ತಾರೆ, ಯಾರದು ಎಂದು ಗೊತ್ತಾಗದೆ. ನೀರಿನ ವಿಷಯ ಹೇಳಿ. ಹಾಲಿನ ವಿಷಯ ಹೇಳಿ. ಅರ್ಧ ಕ್ಯಾನ್ ಉಳಿದಿದೆ ಎಂದು ಸುಳ್ಳು ಹೇಳಿದ್ದನ್ನೂ ಹೇಳಿ. ಅವರು ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಹಾಲು ಹಾಕಿದ ಕಾಫಿಯೇ ಕೊಡುತ್ತಾರೆ.