ಸೇತುವೆ ಎದ್ದಿತ್ತು ಅನ್ನುವ ನೆಪ

ಡೆನ್ಮಾರ್ಕಿನ ಆಲ್ಬೋರ್ಗ್‌ನಲ್ಲಿ ಸೀಟು ಸಿಕ್ಕಿದೆ, ಕಡಿಮೆ ಬಾಡಿಗೆಯ ರೂಮು ಮಾತ್ರ ಆಚೆ ದಡದ ನೊರಸುಂಬಿಯಲ್ಲಿದೆ, ನಡುವೆ ಎತ್ತುವ ಸೇತುವೆಯಂತೆ, ದಿನಾ ಓಡಾಟ ಕಷ್ಟ ಅಲ್ವಾ ಅಂತ ಕೇಳಿದ್ದೀರಿ. ಧೈರ್ಯವಾಗಿ ರೂಮು ಹಿಡಿಯಿರಿ. ಹನ್ನೊಂದು ವರ್ಷದಿಂದ ನಾನಿರುವುದೂ ಅದೇ ದಡದಲ್ಲಿ.

ನಡುವಿನ ನೀರು ಲಿಮ್‌ಫ್ಯೋರ್ಡ್. 1825ರ ಬಿರುಗಾಳಿಯಲ್ಲಿ ಪಶ್ಚಿಮದ ಸಮುದ್ರ ಮರಳದಿಬ್ಬ ಒಡೆದು ಇದರೊಳಗೆ ನುಗ್ಗಿತು. ಅಂದಿನಿಂದ ನಮ್ಮ ದಡ ಲೆಕ್ಕಕ್ಕೆ ದ್ವೀಪ! 1865ರಲ್ಲಿ ತೇಲುವ ಸೇತುವೆ ಹಾಕಿದರು. ಈಗಿನದು 1933ರದ್ದು. ಎರಡೂ ಊರು ನೀರಿನಂಚಿನವರೆಗೆ ಬಂದಿವೆ. ಹಡಗಿನ ಎತ್ತರಕ್ಕೆ ಸೇತುವೆ ಕಟ್ಟಿದ್ದರೆ ರಸ್ತೆ ಮನೆಗಳ ತಲೆಮೇಲೆ ಹಾಯಬೇಕಿತ್ತು. ಅದಕ್ಕೇ ನಡುಭಾಗ ಮೇಲೇಳುತ್ತದೆ. 1969ರಲ್ಲಿ ಪೂರ್ವಕ್ಕೆ ಸುರಂಗ ಬಂತು. ಅದು ಹೆದ್ದಾರಿ, ಸೈಕಲ್ ಬಿಡುವುದಿಲ್ಲ. ಪಶ್ಚಿಮದ ರೈಲು ಸೇತುವೆಗೆ 2017ರಲ್ಲಿ ನಡೆಯುವವರಿಗೆ, ಸೈಕಲ್ಲಿಗೆ ದಾರಿ ಜೋಡಿಸಿದ್ದಾರೆ. ಆದರೆ ಅದೂ ಏಳುವ ಸೇತುವೆಯೇ. 2012ರಲ್ಲಿ ಹಡಗೊಂದು ಗುದ್ದಿ ಸುಮಾರು ಒಂದು ವರ್ಷ ಅಲ್ಲಿ ರೈಲೇ ಓಡಲಿಲ್ಲ.

ಬಂದ ಹೊಸದರಲ್ಲಿ ಒಂದು ಇಂಟರ್‌ವ್ಯೂಗೆ ಹೊರಟಿದ್ದೆ. ಕೆಂಪು ದೀಪ ಮಿನುಗಿತು, ಗೇಟು ಬಿತ್ತು. ಎದುರಿಗಿದ್ದ ರಸ್ತೆ ಬಿಳಿ ಗೆರೆಯ ಸಮೇತ ಎದ್ದು ಗೋಡೆಯಾಯಿತು. ಯಾವ ದೊಡ್ಡ ಹಡಗೋ ಅಂತ ಇಣುಕಿದರೆ ಒಂದೇ ಒಂದು ಹಾಯಿದೋಣಿ. ಅದರಲ್ಲಿ ಒಬ್ಬ ಅಜ್ಜ, ಕೈಯಲ್ಲಿ ಕಾಫಿ ಲೋಟ. ನನಗೆ ಮೈಯೆಲ್ಲ ಉರಿ. ಸುತ್ತ ನಿಂತವರು ಹಾರ್ನ್ ಕೂಡ ಹೊಡೆಯಲಿಲ್ಲ. ಒಂದು ಕಾಲು ಊರಿಕೊಂಡು ಸುಮ್ನೆ ನೀರು ನೋಡುತ್ತಿದ್ದರು. ತಡವಾಗಿ ಹೋಗಿ "ಸೇತುವೆ ಎದ್ದಿತ್ತು" ಅಂದೆ. ಇಂಟರ್‌ವ್ಯೂ ಮಾಡುತ್ತಿದ್ದ ಹೆಂಗಸು ನಕ್ಕು, "ಈ ನೆಪ ಇಲ್ಲಿ ಒಂದೇ ಸಲ ನಡೆಯುತ್ತದೆ" ಅಂದರು. ಕೆಲಸ ಸಿಗಲಿಲ್ಲ. ಅದಕ್ಕೆ ಸೇತುವೆ ಕಾರಣ ಅಲ್ಲ ಬಿಡಿ, ನನ್ನ ಆಗಿನ ಡೇನಿಷ್ ಕಾರಣ.

ಈಗ ನಾನೂ ಕಾಲು ಊರಿ ನೀರು ನೋಡುತ್ತೇನೆ. ಪರೀಕ್ಷೆಯ ದಿನ ಕಾಲು ಗಂಟೆ ಮುಂಚೆ ಹೊರಡಿ, ಸಾಕು. ಸೇತುವೆಗಿಂತ ಜಾಸ್ತಿ ಕಾಡುವುದು ಗಾಳಿ. ನವೆಂಬರಿನಲ್ಲಿ ಪಶ್ಚಿಮದಿಂದ ಬೀಸಿದರೆ ಸೈಕಲ್ ಮುಂದಕ್ಕಲ್ಲ, ಪಕ್ಕಕ್ಕೆ ಹೋಗುತ್ತದೆ. ಊರಿಂದ ಛತ್ರಿ ಹೊತ್ತು ತರಬೇಡಿ. ಸೂಟ್‌ಕೇಸಿನ ಆ ಜಾಗಕ್ಕೆ ಸಾರಿನ ಪುಡಿ ತುಂಬಿ. ಮಳೆಯ ಪ್ಯಾಂಟು, ಗ್ಲೌಸ್ ಇಲ್ಲೇ ಕೊಳ್ಳೋಣ, ನಾನೇ ಜೊತೆಗೆ ಬರುತ್ತೇನೆ.