ಬರ್ತೀನಿ ಅಂದಮೇಲೆ ಶುರುವಾಗುವ ಹೊಟ್ಟೆನೋವು

ಮದುವೆ, ಗೃಹಪ್ರವೇಶಗಳ ಸೀಸನ್ ಬಂದರೆ ಜನರ ನಡುವೆ ಹೋಗೋಕೆ ಹೆದರುವವರು ಆಪ್ತಸಲಹೆಗೆ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಕರೆದಾಗ ಖುಷಿಯಿಂದಲೇ ‘ಬರ್ತೀನಿ’ ಅಂದಿರುತ್ತಾರೆ. ದಿನ ಹತ್ತಿರವಾದಂತೆ ನಿದ್ದೆ ಬರುವುದಿಲ್ಲ. ಹಿಂದಿನ ರಾತ್ರಿ ‘ಹುಷಾರಿಲ್ಲ’ ಅಂತ ಮೆಸೇಜ್ ಹಾಕುತ್ತಾರೆ.

ಅವರಲ್ಲಿ ಒಬ್ಬಾಕೆಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಗೆಳತಿಯ ಗೃಹಪ್ರವೇಶಕ್ಕೆ ಇನ್ನೂ ಮೂರು ವಾರ ಇತ್ತು. ಅವತ್ತು ತಲೆ ತಗ್ಗಿಸಿ ಹೇಳಿದರು: “ಬರಲ್ಲ ಅಂತ ಮೆಸೇಜ್ ಹಾಕಿದ ತಕ್ಷಣ ಹೊಟ್ಟೆನೋವು ಹೋಗಿಬಿಡುತ್ತೆ ಮೇಡಂ. ಹಾಗಾದ್ರೆ ನಾನು ನಾಟಕ ಮಾಡ್ತಿದ್ದೀನಾ?”

ಖಂಡಿತ ನಾಟಕ ಅಲ್ಲ. ನೋವು ನಿಜವೇ. ಆದರೆ ಆಮೇಲೆ ಸಿಗುವ ನಿರಾಳ ಇದೆಯಲ್ಲ, ಅದೇ ಭಯವನ್ನು ಬೆಳೆಸುತ್ತದೆ. ತಪ್ಪಿಸಿಕೊಂಡಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ.

“ಅಲ್ಲಿ ಯಾವ ಹೊತ್ತು ನೆನೆಸಿಕೊಂಡ್ರೆ ಭಯ?” ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು.

“ಊಟದ ಪಂಕ್ತಿ ಮೇಡಂ. ಎದುರು ಸಾಲಿನವರು ನೋಡ್ತಾರೆ. ಕೈ ನಡುಗುತ್ತೆ. ಮಧ್ಯೆ ಏಳೋ ಹಾಗೂ ಇಲ್ಲ ಅಲ್ವಾ?”

ಇಡೀ ದಿನದ ಭಯ ಅರ್ಧ ಗಂಟೆಯ ಊಟಕ್ಕೆ ಇಳಿಯಿತು. ಅಷ್ಟನ್ನು ಅಭ್ಯಾಸ ಮಾಡಬಹುದು. ಮೊದಲು ಕ್ಯಾಂಟೀನಿನಲ್ಲಿ ಒಬ್ಬರ ಎದುರು ಊಟ, ಆಮೇಲೆ ನಾಲ್ಕು ಜನರ ಜೊತೆ, ಕೊನೆಗೆ ಪಂಕ್ತಿ.

‘ಆಗದಿದ್ದರೆ ಬೇಡ ಅನ್ನಿ’ ಎಂಬ ಸಲಹೆ ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ಕೊಡಲಿಲ್ಲ, ಯಾಕೆಂದರೆ ಅವರಿಗೆ ಹೋಗುವ ಆಸೆ ಇತ್ತು. “ಹೆದರೋ ಹುಡುಗೀನ ಯಾಕೆ ತಳ್ತೀರಿ?” ಅಂತ ಜೊತೆಗೆ ಬಂದಿದ್ದ ಅಮ್ಮ ಕೇಳಿದರು. ಭಯ ಪೂರ್ತಿ ಹೋದಮೇಲೆ ಹೊರಡೋಣ ಅಂತ ಕಾದವರು ವರ್ಷಗಟ್ಟಲೆ ಮನೆಯಲ್ಲೇ ಉಳಿದಿದ್ದನ್ನು ನೋಡಿದ್ದೇನೆ. ಅಮ್ಮನಿಗೂ ಅದನ್ನೇ ಹೇಳಿದೆ.

ಈ ಭಯದಲ್ಲಿ ಗಮನವೆಲ್ಲ ಒಳಗೆ ತಿರುಗುತ್ತದೆ, ಒಳಗೆ ಅನಿಸಿದ್ದೆಲ್ಲ ಹೊರಗೂ ಕಾಣುತ್ತಿದೆ ಅನಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲೇ ಇದನ್ನು ವಿವರಿಸಿದ್ದಾರೆ. ಅದಕ್ಕೇ ಹೇಳಿದೆ: “ಕೈ ನಡುಗಿದರೆ ನಡುಗಲಿ, ಮುಚ್ಚಿಡಬೇಡಿ. ಏನೇನು ಬಡಿಸಿದರು, ಪಕ್ಕದವರು ಏನು ಮಾತಾಡಿದರು, ನೋಡಿಕೊಂಡು ಬಂದು ನನಗೆ ಹೇಳಿ.”

ಓದು, ಕೆಲಸ ನಿಂತುಹೋಗುವಷ್ಟು ಭಯವಿದ್ದರೆ ಇಷ್ಟು ಸಾಲದು. ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಅವರು ಹೋಗಿಬಂದರು. “ಸಾರು ಎಲೆಯಿಂದ ಹೊರಗೆ ಹರಿಯಿತು ಮೇಡಂ. ಪಕ್ಕದ ಅಜ್ಜಿ ಇನ್ನೊಂದು ಹಪ್ಪಳಕ್ಕೆ ಬಡಿಸೋರನ್ನ ಕೂಗ್ತಿದ್ರು.”

ಮುಂದಿನ ತಿಂಗಳು ಇನ್ನೊಬ್ಬ ಗೆಳತಿಯ ಸೀಮಂತಕ್ಕೆ ಹೋಗಲಿಲ್ಲ. ಆದರೆ ಹುಷಾರಿಲ್ಲ ಅನ್ನಲಿಲ್ಲ. ‘ಭಯ ಆಗ್ತಿದೆ ಕಣೇ, ನಾಮಕರಣಕ್ಕೆ ಬರ್ತೀನಿ’ ಅಂತ ಬರೆದರಂತೆ.