ಉಣ್ಣಿ ಕಿತ್ತ ಮೇಲೆ ನಾಯಿ ಊಟ ಬಿಟ್ಟಿದ್ದರೆ

ನಾಯಿಯ ಕಿವಿಯ ಹತ್ತಿರ ಉಣ್ಣಿ ಕಿತ್ತಿದ್ದೆವು, ಅಲ್ಲಿ ಕಡಲೆಕಾಳಿನಷ್ಟು ಗಂಟು ಉಳಿದಿದೆ, ಹತ್ತು ದಿನದ ಮೇಲೆ ನಾಯಿ ಊಟ ಬಿಟ್ಟು ಮೂಲೆ ಹಿಡಿದಿದೆ ಅಂತ ಕೇಳಿದ್ದೀರಿ. ಆ ಗಂಟಿಗೆ ಹೆದರಬೇಡಿ. ಕಚ್ಚಿದ ಜಾಗದ ಊತ ಅದು, ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ. ಆದರೆ ಊಟ ಬಿಟ್ಟು ಮೂಲೆ ಹಿಡಿದಿದೆ ಅಂದಿರಲ್ವಾ, ಅದು ಉಣ್ಣಿ ಜ್ವರ, ಅಂದರೆ ಉಣ್ಣಿ ಕಚ್ಚಿ ರಕ್ತಕ್ಕೆ ಹರಡುವ ಸೋಂಕು ಇರಬಹುದು. ನಮ್ಮ ನಾಯಿಗೂ ಹೀಗೇ ಶುರುವಾಗಿತ್ತು. ಖಚಿತವಾಗಬೇಕಾದರೆ ರಕ್ತ ಪರೀಕ್ಷೆಯೇ ಆಗಬೇಕು.

ಮೊದಲು ತುಟಿ ಎತ್ತಿ ವಸಡು ನೋಡಿ. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ವಸಡು ಬಿಳಿಚಿದ್ದರೆ, ಹೊಟ್ಟೆ ಮೇಲೆ ಕೆಂಪು ಚುಕ್ಕಿ ಇದ್ದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಈಗಲೇ ಹೊರಡಿ. ಇವು ಯಾವುದೂ ಇಲ್ಲದಿದ್ದರೂ ನಾಳೆ ಬೆಳಿಗ್ಗೆ ತೋರಿಸಿ.

ಮೂಗು ಮುಟ್ಟಿ ಜ್ವರ ಹೇಳಲು ಆಗಲ್ಲ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ದಯವಿಟ್ಟು ಕೊಡಬೇಡಿ, ನಾಯಿಗೆ ಅವು ವಿಷವಾಗಬಹುದು.

ಉಣ್ಣಿ ಕಿತ್ತ ದಿನವನ್ನು ಡಾಕ್ಟರಿಗೆ ಹೇಳಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಎಷ್ಟಿದೆ ಅಂತ ಕೇಳಿ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬರೆದುಕೊಟ್ಟರೆ ಖಾಲಿ ಹೊಟ್ಟೆಗೆ ಹಾಕಬೇಡಿ, ವಾಂತಿ ಮಾಡುತ್ತದೆ. ಎರಡು ಮೂರು ದಿನಕ್ಕೇ ಬಾಲ ಆಡಿಸಿದರೂ ನಿಲ್ಲಿಸಬೇಡಿ, ಸಾಮಾನ್ಯವಾಗಿ 4 ವಾರ ಕೊಡಬೇಕಾಗುತ್ತದೆ.

ಅಷ್ಟರಲ್ಲಿ ಅದು ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಗೋಡೆಯ ಬಿರುಕು, ಕಿಟಕಿಯ ಸಂದು ನೋಡಿ. ಉಣ್ಣಿ ಮೊಟ್ಟೆ ಇಡುವುದು ಅಲ್ಲೇ.